ಹಳೆ ಡಿಫೆಂಡರ್, ಹೊಸ ಡಿಫೆಂಡರ್: ನನ್ನ ಅಳತೆ ಇದು

ಚಾಂಪಿಯನ್ಸ್ ಲೀಗ್ ಫೈನಲ್ ಹತ್ತಿರ ಬಂತೆಂದರೆ ನಮ್ಮ ಮಂಗಳೂರಿನ ಫುಟ್‌ಬಾಲ್ ಬಳಗದಲ್ಲಿ ಒಂದು ಜಗಳ ಉಂಟೇ ಉಂಟು. ಹಳೆ ಕಾಲದ ಡಿಫೆಂಡರ್‌ಗಳು ದೊಡ್ಡವರಾ, ಈಗಿನವರಾ? ಐವತ್ತು ದಾಟಿದವರು ಹೇಳುವುದು, "ಈಗಿನವರೆಲ್ಲ ಮೆದು, ಮುಟ್ಟಿದರೆ ಫೌಲ್." ಕಾಲೇಜು ಹುಡುಗರು ಹೇಳುವುದು, "ನಿಮ್ಮ ಕಾಲದವರು ಈಗ ಆಡಿದರೆ ಇಪ್ಪತ್ತೇ ನಿಮಿಷಕ್ಕೆ ರೆಡ್ ಕಾರ್ಡ್ ಮಾರಾಯ್ರೆ." ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತಿದ್ದಾಗ ಓದಿ.

ಪೆಲೆ, ಮರಡೋನಾ, ಮೆಸ್ಸಿ ಬಗ್ಗೆ ವಾದ ಮಾಡಲು ಗೋಲುಗಳಾದರೂ ಇವೆ. ಡಿಫೆಂಡರ್ ವಿಷಯದಲ್ಲಿ ಏನುಂಟು? ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದು) ಲೆಕ್ಕ ಹಿಡಿದುಕೊಂಡು ಬರುವವರಿಗೆ ನಾನು ಕೇಳುವುದು ಇಷ್ಟೇ: ಸೋಲುವ ತಂಡದ ಡಿಫೆಂಡರ್‌ಗೆ ಟ್ಯಾಕಲ್ ಮಾಡುವ ಕೆಲಸ ಜಾಸ್ತಿ ಬೀಳುತ್ತದೆ, ಅಲ್ವಾ? ಚೆಂಡು ಬರುವ ಜಾಗದಲ್ಲಿ ಮೊದಲೇ ಹೋಗಿ ನಿಂತವನ ಹೆಸರಿಗೆ ಒಂದೂ ಟ್ಯಾಕಲ್ ಬೀಳದೆ ಪಂದ್ಯ ಮುಗಿಯಬಹುದು. ಹಾಗಾಗಿ ಆ ಲೆಕ್ಕದಿಂದ ಯಾರನ್ನೂ ಅಳೆಯಲು ಬರುವುದಿಲ್ಲ. ವರ್ಗಾವಣೆ ಬೆಲೆಯಿಂದಂತೂ ಸಾಧ್ಯವೇ ಇಲ್ಲ.

ನನ್ನ ಅಳತೆ ಬೇರೆ. ಆ ಕಾಲ ಅವನಿಗೆ ಏನೆಲ್ಲ ಮಾಫಿ ಮಾಡಿತ್ತೋ ಅದನ್ನು ಕಿತ್ತುಕೊಳ್ಳಿ. ಆಮೇಲೆ ಅವನ ಕೈಲಿ ಏನು ಉಳಿಯುತ್ತದೆ ನೋಡಿ. ಹಳಬರಿಗೂ ಇದೇ, ಹೊಸಬರಿಗೂ ಇದೇ.

ಹಳೆ ಕಾಲದ ಮಾಫಿಗಳು ಸಣ್ಣವಲ್ಲ. 1992ರವರೆಗೆ ಡಿಫೆಂಡರ್ ಹಿಂದಕ್ಕೆ ಕೊಟ್ಟ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಹುದಿತ್ತು. ಕಷ್ಟ ಬಂತಾ, ಹಿಂದಕ್ಕೆ ತಳ್ಳು, ಅವನು ಎತ್ತಿಕೊಳ್ಳುತ್ತಾನೆ. ಆ ವರ್ಷದ ಯೂರೋ ಫೈನಲ್‌ನಲ್ಲಿ ಡೆನ್ಮಾರ್ಕ್‌ನವರು ಜರ್ಮನಿಯ ಎದುರು ಇದನ್ನೇ ಮತ್ತೆ ಮತ್ತೆ ಮಾಡಿದ್ದನ್ನು ಯೂಟ್ಯೂಬ್‌ನಲ್ಲಿ ಈಗಲೂ ನೋಡಬಹುದು. 1990ರವರೆಗೆ ಡಿಫೆಂಡರ್‌ನ ಸರಿಸಮಕ್ಕೆ ನಿಂತ ಫಾರ್ವರ್ಡ್ ಕೂಡ ಆಫ್‌ಸೈಡ್ (ಪಾಸ್ ಕೊಡುವ ಹೊತ್ತಿಗೆ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತ ತಪ್ಪು). ಹಿಂದಿನಿಂದ ಬಂದು ಕಾಲಿಗೆ ಹಾಕುವ ಅಪಾಯದ ಟ್ಯಾಕಲ್‌ಗೆ ನೇರ ರೆಡ್ ಕಾರ್ಡ್ ಎಂದು ಬಿಗಿ ಮಾಡಿದ್ದು 1998ರ ವಿಶ್ವಕಪ್‌ನ ಹೊತ್ತಿಗೆ. ಅಷ್ಟರಲ್ಲಿ ಎಷ್ಟು ಜನ ಫಾರ್ವರ್ಡ್‌ಗಳ ಕಣಕಾಲು ಹಾಳಾಗಿತ್ತು! ನೆದರ್‌ಲ್ಯಾಂಡ್ಸ್‌ನ ಫಾರ್ವರ್ಡ್ ವ್ಯಾನ್ ಬಾಸ್ಟನ್ ಕಣಕಾಲಿನ ನೋವಿನಿಂದ ತನ್ನ ಕೊನೆಯ ದೊಡ್ಡ ಪಂದ್ಯ ಆಡಿದಾಗ ಅವನಿಗೆ ಬರೀ 28 ವರ್ಷ. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಈ ಅಳತೆ ಸರಿ ಅನ್ನಲು ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ 1982ರ ವಿಶ್ವಕಪ್‌ನ ಇಟಲಿ ತಂಡ. ಅದರ ಡಿಫೆಂಡರ್ ಜೆಂಟೀಲೆ ಅರ್ಜೆಂಟೀನಾದ ಮರಡೋನಾನನ್ನು ಕಾದದ್ದು ಎಲ್ಲರಿಗೂ ಗೊತ್ತು. ಕಾದದ್ದು ಎಂದರೆ ಅಂಗಿ ಎಳೆಯುವುದು, ತಳ್ಳುವುದು, ಕಾಲಿಗೆ ಹೊಡೆಯುವುದು. ಪಂದ್ಯವಿಡೀ ನಡೆಯಿತು, ಒಂದು ಹಳದಿ ಕಾರ್ಡ್‌ನಲ್ಲೇ ಮುಗಿಯಿತು. ಮುಂದಿನ ಪಂದ್ಯದಲ್ಲಿ ಬ್ರೆಜಿಲ್‌ನ ಜಿಕೋನ ಅಂಗಿ ಹರಿದೇ ಹೋಯಿತು. ಅವನು ಹರಿದ ಅಂಗಿಯನ್ನು ರೆಫರಿಗೆ ಎತ್ತಿ ತೋರಿಸಿದರೂ ಪ್ರಯೋಜನ ಆಗಲಿಲ್ಲ. ಆ ಕಾಲ ಕೊಟ್ಟ ಸಲುಗೆಯನ್ನು ಕಿತ್ತುಕೊಂಡರೆ ಆ ಎರಡು ಪಂದ್ಯಗಳಲ್ಲಿ ಜೆಂಟೀಲೆಯ ಕೈಲಿ ಎಷ್ಟು ಉಳಿಯುತ್ತದೆ? ನನ್ನ ಪ್ರಕಾರ ತುಂಬಾ ಕಡಿಮೆ.

ಆದರೆ ಅದೇ ತಂಡ, ಅದೇ ಪಂದ್ಯ, ಅದೇ ರೆಫರಿ. ಕೆಲವೇ ಗಜ ಹಿಂದೆ ಗೇಟಾನೊ ಶಿರೆಯಾ ಇದ್ದ. ಯುವೆಂಟಸ್‌ನ ಲಿಬೆರೊ, ಅಂದರೆ ಎಲ್ಲರ ಹಿಂದೆ ನಿಲ್ಲುವ ಡಿಫೆಂಡರ್. ಬೇಕಿದ್ದರೆ ಅವನೂ ಹೊಡೆಯಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಅವನು ಹೊಡೆಯಲಿಲ್ಲ. ತನ್ನ ಇಡೀ ವೃತ್ತಿಯಲ್ಲಿ ಒಂದೇ ಒಂದು ರೆಡ್ ಕಾರ್ಡ್ ಕಾಣಲಿಲ್ಲ. ಆ ವಿಶ್ವಕಪ್ ಫೈನಲ್‌ನಲ್ಲಿ ಟಾರ್ಡೆಲ್ಲಿ ಹೊಡೆದ ಗೋಲು ನೆನಪುಂಟಾ? ಗೋಲು ಹೊಡೆದು ಕೂಗುತ್ತಾ ಓಡಿದ್ದು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೂ ಮೊದಲಿನ ಕೆಲವು ಸೆಕೆಂಡು ನೋಡಿ. ಜರ್ಮನಿಯ ಪೆನಾಲ್ಟಿ ಬಾಕ್ಸ್ ಒಳಗೆ ಬೆರ್ಗೊಮಿ ಜತೆ ಚೆಂಡನ್ನು ಅತ್ತಿತ್ತ ಆಡಿ, ಟಾರ್ಡೆಲ್ಲಿಗೆ ಬಿಟ್ಟುಕೊಟ್ಟವನು ಈ ಶಿರೆಯಾ. ಇಟಲಿ ಮುಂದಿದ್ದಾಗ, ವಿಶ್ವಕಪ್ ಫೈನಲ್‌ನಲ್ಲಿ, ಕಟ್ಟಕಡೆಯ ಡಿಫೆಂಡರ್ ಎದುರಾಳಿಯ ಬಾಕ್ಸ್‌ನಲ್ಲಿದ್ದ! ಈಗ, ಮ್ಯಾಂಚೆಸ್ಟರ್ ಸಿಟಿಯ ಕೋಚ್ ಆಗಿ ಗಾರ್ಡಿಯೋಲಾ ಡಿಫೆಂಡರ್ ಜಾನ್ ಸ್ಟೋನ್ಸ್‌ನನ್ನು ಮಿಡ್‌ಫೀಲ್ಡ್‌ಗೆ ಕಳಿಸಿದ್ದನ್ನು ಹೊಸ ಶೋಧ ಎಂದು ಹೇಳುವವರು ಆ ತುಣುಕನ್ನು ಒಮ್ಮೆ ನೋಡಬೇಕು. ಶಿರೆಯಾನನ್ನು 2025ರ ಪಂದ್ಯಕ್ಕೆ ಇಳಿಸಿದರೂ ಅವನು ಏನನ್ನೂ ಬಿಡಬೇಕಾಗಿಲ್ಲ. 1989ರಲ್ಲಿ ಪೋಲೆಂಡ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಅವನ ಹೆಸರು ನಮ್ಮ ಹುಡುಗರ ಬಾಯಲ್ಲಿ ಬರುವುದೇ ಇಲ್ಲ. ನನಗೆ ಅದೇ ದೊಡ್ಡ ನೋವು.

ಇಂಗ್ಲೆಂಡ್‌ನ ಬಾಬಿ ಮೂರ್ ಕೂಡ ಇದೇ ಜಾತಿಯವನು. ಓಟದಲ್ಲಿ ವೇಗ ಇರಲಿಲ್ಲ, ಹೆಡ್ಡಿಂಗ್‌ನಲ್ಲೂ ದೊಡ್ಡ ಹೆಸರಲ್ಲ. ಆದರೂ 1970ರಲ್ಲಿ ಬ್ರೆಜಿಲ್ ಎದುರು, ಪೂರ್ತಿ ವೇಗದಲ್ಲಿ ಬಾಕ್ಸ್‌ಗೆ ನುಗ್ಗಿದ ಜೈರ್‌ಜಿನ್ಹೋ ಕಾಲಿನಿಂದ ಚೆಂಡು ಮಾತ್ರ ತೆಗೆದ ಆ ಟ್ಯಾಕಲ್‌ನಲ್ಲಿ ಇವತ್ತಿನ ವಿಎಆರ್ (ವಿಡಿಯೊ ರೆಫರಿ) ಎಷ್ಟು ಕೋನದಿಂದ ನೋಡಿದರೂ ಫೌಲ್ ಸಿಗಲಿಕ್ಕಿಲ್ಲ. 1966ರ ಫೈನಲ್‌ನ ಕೊನೆಯ ಕ್ಷಣದಲ್ಲಿ ಚೆಂಡನ್ನು ಹೊರಗೆ ಅಟ್ಟದೆ, ತಲೆಯೆತ್ತಿ ನೋಡಿ, ಹರ್ಸ್ಟ್‌ಗೆ ಉದ್ದದ ಪಾಸ್ ಕೊಟ್ಟ. ನಾಲ್ಕನೇ ಗೋಲು ಆಯಿತು.

ನಿಯಮವೇ ಡಿಫೆಂಡರ್‌ನನ್ನು ತಯಾರು ಮಾಡುತ್ತದೆ ಎನ್ನುವುದಕ್ಕೆ ಇಟಲಿವರೆಗೆ ಹೋಗಬೇಕಾಗಿಲ್ಲ. ನಮ್ಮ ಕಡೆಯ ಸೆವೆನ್ಸ್ (ಏಳು ಜನರ ಫುಟ್‌ಬಾಲ್) ನೋಡಿ. ಸಣ್ಣ ಮೈದಾನ, ಸಾಮಾನ್ಯವಾಗಿ ಆಫ್‌ಸೈಡ್ ಇಲ್ಲ. ಹಾಗಾಗಿ ಬ್ಯಾಕ್ ಆಡುವವನು ಲೈನನ್ನು, ಅಂದರೆ ಡಿಫೆಂಡರ್‌ಗಳ ಸಾಲನ್ನು, ಮುಂದಕ್ಕೆ ತರುವ ಮಾತೇ ಇಲ್ಲ. ಅವನು ಮನುಷ್ಯನನ್ನೇ ಹಿಡಿದು ಆಡಬೇಕು. ಅದೇ ಹುಡುಗ ಹನ್ನೊಂದು ಜನರ ಪಂದ್ಯಕ್ಕೆ ನೆಹರೂ ಮೈದಾನಕ್ಕೆ ಬಂದರೆ ಮೊದಲ ಅರ್ಧ ಗಂಟೆ ತಡಕಾಡುತ್ತಾನೆ. ಯಾಕೆಂದರೆ ಇಲ್ಲಿ ಒಬ್ಬನ ಹಿಂದೆ ಓಡಿದರೆ ಇಡೀ ಲೈನ್ ಒಡೆಯುತ್ತದೆ. ಒಬ್ಬನೇ ಹುಡುಗ, ಒಂದೇ ವಾರ, ಎರಡು ಬೇರೆ ಬೇರೆ ಕಾಲದ ಡಿಫೆಂಡರ್ ಆಗಬೇಕು. ಕಸಬಾ ಬೆಂಗ್ರೆ, ಉಳ್ಳಾಲ ಕಡೆಯ ಆಟ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಈಗ ಮಿಲಾನ್‌ಗೆ ಬರೋಣ. ಅಲ್ಲಿನ ಕೋಚ್ ಸಾಕ್ಕಿ ಕಲಿಸಿದ್ದು ಅದೇ ಪಾಠ: ಮನುಷ್ಯನನ್ನಲ್ಲ, ಜಾಗವನ್ನು ಕಾಯಿರಿ. ಅವನ ನಾಲ್ವರು ಡಿಫೆಂಡರ್‌ಗಳು: ಟಸ್ಸೊಟ್ಟಿ, ಕೊಸ್ಟಾಕುರ್ಟಾ, ಬರೇಸಿ, ಮಾಲ್ದಿನಿ. ಆಮೇಲೆ ಕಪೆಲ್ಲೊ ಕೋಚ್ ಆಗಿದ್ದ ಕಾಲದಲ್ಲಿ, 1993-94ರ ಲೀಗ್‌ನ 34 ಪಂದ್ಯಗಳಲ್ಲಿ ಇವರ ತಂಡ ಬಿಟ್ಟುಕೊಟ್ಟದ್ದು ಬರೀ 15 ಗೋಲು. ಗಮನಿಸಿ, ಇದು ಬ್ಯಾಕ್‌ಪಾಸ್ ನಿಯಮ ಬಂದ ಮೇಲೆ. ಸರಿಸಮಕ್ಕೆ ನಿಂತ ಫಾರ್ವರ್ಡ್ ಆನ್‌ಸೈಡ್ ಎಂದಾದ ಮೇಲೆ. ಅಂದರೆ ಹಳೆ ಮಾಫಿಗಳಲ್ಲಿ ಎರಡು ಆಗಲೇ ಹೋಗಿದ್ದವು. ಆದರೂ ಇವರ ಗೋಡೆ ಬೀಳಲಿಲ್ಲ.

ಬರೇಸಿಯ 1994ರ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ವಿಶ್ವಕಪ್‌ನಲ್ಲಿ ನಾರ್ವೆ ಎದುರಿನ ಪಂದ್ಯದಲ್ಲಿ ಮಂಡಿಗೆ ಪೆಟ್ಟು. ಆಪರೇಶನ್ ಆಯಿತು. ಎಲ್ಲರೂ ಮುಗಿಯಿತು ಎಂದುಕೊಂಡರು. 34 ವರ್ಷದ ಮನುಷ್ಯ ನಾಲ್ಕು ವಾರದ ಒಳಗೆ ಫೈನಲ್‌ಗೆ ಇಳಿದ. ಪಸಡೀನಾದ ಮಧ್ಯಾಹ್ನದ ಬಿಸಿಲು, ಎದುರಿಗೆ ರೊಮಾರಿಯೊ ಮತ್ತು ಬೆಬೆಟೊ. ಪಕ್ಕದಲ್ಲಿ ಕೊಸ್ಟಾಕುರ್ಟಾ ಇರಲಿಲ್ಲ, ನಿಷೇಧದಲ್ಲಿದ್ದ. 120 ನಿಮಿಷ ಒಂದೂ ಗೋಲು ಆಗಲು ಬಿಡಲಿಲ್ಲ. ಕಡೆಗೆ ಪೆನಾಲ್ಟಿ ತಪ್ಪಿಸಿ ಅತ್ತ. ಜನ ಆ ಪೆನಾಲ್ಟಿ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಡಿಫೆಂಡರ್‌ಗಳಿಗೆ ಆಗುವ ಅನ್ಯಾಯ ಇದೇ. ಎರಡು ಗಂಟೆ ಸರಿ ಮಾಡಿದ್ದಕ್ಕೆ ಹೆಸರಿಲ್ಲ, ಒಂದು ತಪ್ಪಿಗೆ ಜೀವನವಿಡೀ ಲೆಕ್ಕ.

ಮಾಲ್ದಿನಿಗೆ ನಾವು ಪರೀಕ್ಷೆ ಇಡುವುದೇ ಬೇಡ, ಕಾಲವೇ ಇಟ್ಟಿತು. 1985ರಲ್ಲಿ 16ರ ಹುಡುಗ ಮಿಲಾನ್‌ಗೆ ಆಡಿದಾಗ ಮೇಲೆ ಹೇಳಿದ ಎಲ್ಲ ಮಾಫಿಗಳೂ ಇದ್ದವು. ಒಂದೊಂದಾಗಿ ಹೋದವು. 1990ರಲ್ಲಿ ಒಂದು, 1992ರಲ್ಲಿ ಒಂದು, 1998ರಲ್ಲಿ ಇನ್ನೊಂದು. ಅವನ ಆಟಕ್ಕೆ ಏನೂ ಆಗಲಿಲ್ಲ. 2007ರಲ್ಲಿ 38ನೇ ವಯಸ್ಸಿಗೆ ಕ್ಯಾಪ್ಟನ್ ಆಗಿ ಚಾಂಪಿಯನ್ಸ್ ಲೀಗ್ ಎತ್ತಿದ. ಅದು ಅವನ ಐದನೇ ಯುರೋಪಿಯನ್ ಕಪ್. 2009ರಲ್ಲಿ ನಿಲ್ಲಿಸಿದಾಗ ವಯಸ್ಸು 40. ಲೆಫ್ಟ್ ಬ್ಯಾಕ್ ಆಡಿದ, ಸೆಂಟರ್ ಬ್ಯಾಕ್ ಆಡಿದ. ಅಂದು ಮತ್ತು ಇಂದು ಎರಡಕ್ಕೂ ಸಲ್ಲುವ ಒಬ್ಬನ ಹೆಸರು ಹೇಳಿ ಅಂದರೆ ನಾನು ಯೋಚನೆ ಮಾಡದೆ ಮಾಲ್ದಿನಿ ಅನ್ನುತ್ತೇನೆ.

ಹಾಗಾದರೆ ಈಗಿನವರು? ಅವರಿಗೂ ಇದೇ ಅಳತೆ ಅಂದೆನಲ್ಲ. ಅವರ ಕಾಲದ ಸಲುಗೆ ಯಾವುದು? ಕಾರ್ಪೆಟ್‌ನಂಥ ಮೈದಾನ, ಎದುರಾಳಿಯ ಪ್ರತಿ ಓಟದ ವಿಡಿಯೊ, ಐದು ಬದಲಿ ಆಟಗಾರರು, ಕೂದಲೆಳೆಯ ಆಫ್‌ಸೈಡನ್ನೂ ಹಿಡಿದುಕೊಡುವ ವಿಎಆರ್. ಇದನ್ನೆಲ್ಲ ಲಿವರ್‌ಪೂಲ್‌ ಡಿಫೆಂಡರ್ ವ್ಯಾನ್ ಡೈಕ್‌ನಿಂದ ಕಿತ್ತುಕೊಳ್ಳಿ. ಏನು ಉಳಿಯುತ್ತದೆ? ನನಗೆ ಉತ್ತರ ಸಿಕ್ಕಿದ್ದು 2019ರ ಮಾರ್ಚ್ 31ರ ಟೋಟೆನ್‌ಹ್ಯಾಮ್ ಪಂದ್ಯದಲ್ಲಿ. ಸ್ಕೋರ್ 1-1, ಕೊನೆಯ ಹೊತ್ತು. ಸಿಸ್ಸೊಕೊ ಚೆಂಡಿನೊಂದಿಗೆ ಓಡಿ ಬರುತ್ತಿದ್ದಾನೆ, ಪಕ್ಕದಲ್ಲಿ ಸನ್ ಹ್ಯೂಂಗ್ ಮಿನ್. ಇಬ್ಬರಿಗೆ ಎದುರು ವ್ಯಾನ್ ಡೈಕ್ ಒಬ್ಬನೇ. ಅವನು ಚೆಂಡಿನ ಮೇಲೆ ಬೀಳಲಿಲ್ಲ. ಸನ್‌ಗೆ ಪಾಸ್ ಹೋಗುವ ದಾರಿಯನ್ನು ಮೈಯಿಂದಲೇ ಮುಚ್ಚಿಕೊಂಡು ಹಿಂದೆ ಹಿಂದೆ ಹೋದ. ಗೋಲು ಹೊಡೆಯಬಲ್ಲವನು ಸನ್ ಎಂದು ಅವನಿಗೆ ಗೊತ್ತಿತ್ತು. ಕಡೆಗೆ ಸಿಸ್ಸೊಕೊ ತನ್ನ ಎಡಗಾಲಿನಲ್ಲಿ ಹೊಡೆಯಲೇಬೇಕಾಯಿತು. ಚೆಂಡು ಬಾರ್ ಮೇಲಿನಿಂದ ಹೋಯಿತು. ಟ್ಯಾಕಲ್ ಇಲ್ಲ, ಡೈವ್ ಇಲ್ಲ, ಫೌಲ್ ಇಲ್ಲ. ಇದಕ್ಕೆ ಒಳ್ಳೆ ಹುಲ್ಲೂ ಬೇಡ, ವಿಎಆರ್ ಕೂಡ ಬೇಡ. ಶಿರೆಯಾ ಅಲ್ಲಿ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದ. "ಈಗಿನವರು ಮೆದು" ಎನ್ನುವ ನಮ್ಮ ಹಿರಿಯರು ದಯವಿಟ್ಟು ಆ ವಿಡಿಯೊ ನೋಡಿ.

ನಮ್ಮ ದೇಶದವರ ಹೆಸರು ಈ ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳುವವರೇ ಇಲ್ಲ. ಜರ್ನೈಲ್ ಸಿಂಗ್ ಇದ್ದಾರಲ್ಲ! ಮೋಹನ್ ಬಗಾನ್‌ನ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಥಾಯ್ಲೆಂಡ್ ಎದುರು ಆಡುವಾಗ ತಲೆ ಒಡೆಯಿತು, ಹೊಲಿಗೆ ಬಿತ್ತು. ಕೋಚ್ ರಹೀಮ್ ಸಾಹೇಬರು ಅವರನ್ನು ಕೂರಿಸಲಿಲ್ಲ, ಫಾರ್ವರ್ಡ್ ಆಗಿ ಇಳಿಸಿದರು. ತಲೆಗೆ ಪಟ್ಟಿ ಕಟ್ಟಿಕೊಂಡು ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ದಕ್ಷಿಣ ಕೊರಿಯಾ ಎದುರಿನ ಫೈನಲ್‌ನಲ್ಲೂ ಹೊಡೆದರು. ಭಾರತ 2-1ರಿಂದ ಚಿನ್ನ ಗೆದ್ದಿತು. ಅವರ ಆಟದ ವಿಡಿಯೊ ನಮ್ಮ ಕೈಗೆ ಸಿಗುವುದು ತೀರಾ ಕಡಿಮೆ. ಯೂಟ್ಯೂಬ್‌ನಲ್ಲಿ ಇಲ್ಲ ಅಂದಮಾತ್ರಕ್ಕೆ ಆ ಮನುಷ್ಯ ಇರಲೇ ಇಲ್ಲ ಎಂಬಂತೆ ಮಾತಾಡುವುದು ಸರಿಯಲ್ಲ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣ ಉಂಟು. ನಮ್ಮ ಊರಿನ ಮಕ್ಕಳ ತಂಡಗಳಲ್ಲಿ ಈಗಲೂ ಓಡಲು ಆಗದವನನ್ನು, ದಪ್ಪ ಇದ್ದವನನ್ನು ಬ್ಯಾಕ್ ನಿಲ್ಲಿಸುವುದು ನೋಡುತ್ತೇನೆ. ಚುರುಕಿದ್ದವನು ಫಾರ್ವರ್ಡ್. ಬ್ಯಾಕ್ ಎಂದರೆ ಶಿಕ್ಷೆ ಎಂದು ಹತ್ತು ವರ್ಷದ ಹುಡುಗನಿಗೇ ಗೊತ್ತಾಗಿಬಿಡುತ್ತದೆ. ಇನ್ನು ಕೆಲವು ಕಡೆ ಇದರ ಉಲ್ಟಾ: ಟಿವಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಆಡುವುದನ್ನು ನೋಡಿ, ಜುಲೈ ತಿಂಗಳ ಮಳೆಯಲ್ಲಿ, ಕೆಸರಿನಲ್ಲಿ, ಕೀಪರ್‌ನಿಂದ ಸಣ್ಣ ಸಣ್ಣ ಪಾಸ್ ಆಡಿಸುತ್ತಾರೆ. ಗೋಲ್‌ಕಿಕ್ ಬಾಕ್ಸ್ ದಾಟಬೇಕೆಂಬ ನಿಯಮ 2019ರಲ್ಲಿ ಹೋಯಿತು, ಅದಕ್ಕೆ ಅವರು ಹಾಗೆ ಆಡುತ್ತಾರೆ. ಅವರ ಮೈದಾನದಲ್ಲಿ ಚೆಂಡು ಉರುಳುತ್ತದೆ. ನಮ್ಮಲ್ಲಿ ನೀರು ನಿಂತ ಜಾಗಕ್ಕೆ ಹೋಗಿ ಚೆಂಡು ನಿಂತೇ ಬಿಡುತ್ತದೆ, ಎದುರಿನವನು ಬಂದು ಗೋಲು ಹೊಡೆಯುತ್ತಾನೆ, ಬೈಗುಳ ಮಾತ್ರ ಆ ಪಾಪದ ಹುಡುಗನಿಗೆ. ಮಕ್ಕಳಿಗೆ ಮೊದಲು ಎಲ್ಲಿ ನಿಲ್ಲಬೇಕು, ಯಾರನ್ನು ನೋಡಬೇಕು, ಯಾವಾಗ ಕಾಯಬೇಕು ಅದನ್ನು ಹೇಳಿಕೊಡಿ. ಮಳೆಗಾಲಕ್ಕೂ ಬೇಸಗೆಗೂ ಅದು ಒಂದೇ.

ಕಡೆಗೆ ನನ್ನ ನಾಲ್ವರು. ಲೆಫ್ಟ್‌ನಲ್ಲಿ ಮಾಲ್ದಿನಿ, ನಡುವೆ ಬರೇಸಿ ಮತ್ತು ಶಿರೆಯಾ. ಬೆಂಚಿನಲ್ಲಿ ಬಾಬಿ ಮೂರ್, ಜರ್ನೈಲ್ ಸಿಂಗ್, ವ್ಯಾನ್ ಡೈಕ್. ರೈಟ್ ಬ್ಯಾಕ್‌ಗೆ ನಾನು ಲಿಲಿಯನ್ ತುರಾಂನನ್ನು ಹಾಕುತ್ತೇನೆ. ಫ್ರಾನ್ಸ್‌ಗೆ 142 ಪಂದ್ಯ ಆಡಿ ಹೊಡೆದದ್ದು ಎರಡೇ ಗೋಲು, ಎರಡೂ 1998ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ. ಸೆಂಟರ್‌ನಲ್ಲಿ ನಿಲ್ಲಿಸಿದರೂ ಅಷ್ಟೇ ಗಟ್ಟಿ. ನಮ್ಮೂರಲ್ಲಿ ಬ್ರೆಜಿಲ್ ಅಭಿಮಾನಿಗಳು ಜಾಸ್ತಿ, ಕಾಫು ಎಲ್ಲಿ ಎಂದು ಕೇಳಿಯೇ ಕೇಳುತ್ತೀರಿ. ಸತತ ಮೂರು ವಿಶ್ವಕಪ್ ಫೈನಲ್ ಆಡಿದವನು, ದೊಡ್ಡ ಆಟಗಾರ, ಒಪ್ಪಿದೆ. ಅವನ ಪರ ವಾದ ಮಾಡುವವರು ಬನ್ನಿ. ಆದರೆ 2002ರ ಕಪ್ ಮಾತ್ರ ತೋರಿಸಿದರೆ ಸಾಲದು. 1998ರ ಫೈನಲ್‌ನಲ್ಲಿ ಒಂದು ಕಡೆ ರೈಟ್ ಬ್ಯಾಕ್ ಕಾಫು, ಇನ್ನೊಂದು ಕಡೆ ರೈಟ್ ಬ್ಯಾಕ್ ತುರಾಂ, ಸ್ಕೋರ್ 3-0, ಗೆದ್ದದ್ದು ಫ್ರಾನ್ಸ್. ಆ ಪಂದ್ಯ ಪೂರ್ತಿ ನೋಡಿಕೊಂಡು ಬನ್ನಿ, ಮಾತಾಡೋಣ.