ಅಪ್ಪನ ಮನೆ ವಿಳಾಸ

ಯುಗಾದಿ ಊಟದಲ್ಲಿ ಒಬ್ಬರು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ, "ಬ್ಲಾಕ್ ಜನಕ್ಕೆ ಮಕ್ಕಳ ಓದಿನ ಚಿಂತೆಯೇ ಇಲ್ಲ ಬಿಡಿ, ಇದ್ದಿದ್ರೆ ನಮ್ಮ ಹಾಗೆ ಒಳ್ಳೇ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಬರ್ತಿದ್ರು" ಅಂದರು. ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಆ ಸಂಕಟಕ್ಕೇ ಇಷ್ಟು ಬರೀತಿದ್ದೀನಿ.

ನಾವು ಇರೋದು ಅಮೆರಿಕದ ಒಹಾಯೋ ರಾಜ್ಯದಲ್ಲಿ. ಇಲ್ಲಿ ಸರ್ಕಾರಿ ಶಾಲೆಗೆ ಸಾಮಾನ್ಯವಾಗಿ ಆ ಶಾಲೆಯ ವ್ಯಾಪ್ತಿಯಲ್ಲಿ, ಅಂದರೆ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ, ಮನೆ ಇದ್ದವರ ಮಕ್ಕಳೇ ಸೇರಬೇಕು. ಇದೇ ರಾಜ್ಯದ ಆಕ್ರನ್ ಊರಿನ ಕೆಲ್ಲಿ ವಿಲಿಯಮ್ಸ್-ಬೋಲಾರ್ ಎಂಬ ಕಪ್ಪು ಹೆಂಗಸು ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದಳು. ಮನೆಗೆ ಕಳ್ಳರು ನುಗ್ಗಿದರು. ಮಕ್ಕಳ ಬಗ್ಗೆ ಹೆದರಿ, ಪಕ್ಕದ ಕಾಪ್ಲೀಯಲ್ಲಿದ್ದ ತನ್ನ ಅಪ್ಪನ ಮನೆ ವಿಳಾಸ ಕೊಟ್ಟು ಅಲ್ಲಿನ ಶಾಲೆಗೆ ಸೇರಿಸಿದಳು. ಎರಡು ವರ್ಷ ಓದಿದವು. ಶಾಲೆಯವರು ಖಾಸಗಿ ಪತ್ತೇದಾರನನ್ನು ನೇಮಿಸಿ ಆಕೆಯ ಹಿಂದೆ ಬಿಟ್ಟರು. ಸುಮಾರು 30,000 ಡಾಲರ್ ಕಟ್ಟು ಅಂದರು. 2011ರ ಜನವರಿಯಲ್ಲಿ ದಾಖಲೆ ತಿದ್ದಿದ ಅಪರಾಧ ಸಾಬೀತಾಗಿ ಒಂಬತ್ತು ದಿನ ಜೈಲಲ್ಲಿದ್ದಳು. ಶಾಲೆಯಲ್ಲಿ ಸಹಾಯಕಿಯಾಗಿದ್ದುಕೊಂಡೇ ಟೀಚರ್ ಆಗಲು ಓದುತ್ತಿದ್ದವಳು ಆಕೆ. ಘೋರ ಅಪರಾಧದ ಮುದ್ರೆ ಬಿದ್ದರೆ ಆ ಕನಸಿಗೂ ಕುತ್ತು. ಅದೇ ಸೆಪ್ಟೆಂಬರ್‌ನಲ್ಲಿ ಗವರ್ನರ್ ಜಾನ್ ಕೇಸಿಕ್ ಅದನ್ನು ಸಣ್ಣ ಅಪರಾಧಕ್ಕಿಳಿಸಿದರು. ಇಂಥ ಅರ್ಜಿಗಳ ಬಗ್ಗೆ ಸಲಹೆ ಕೊಡುವ ಪೆರೋಲ್ ಬೋರ್ಡ್ ಬೇಡ ಅಂದಿದ್ದರೂ.

ಈಗ ನನ್ನ ಕಥೆ. ನಮ್ಮ ಹೋಬಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಶಿವಮೊಗ್ಗದ ಚಿಕ್ಕಮ್ಮನ ಮನೆಯಲ್ಲಿ ಮೂರು ವರ್ಷ ಇದ್ದು, ಅವರದೇ ವಿಳಾಸ ಕೊಟ್ಟು ಓದಿದೆ. "ಹುಡುಗಿ ಜಾಣೆ, ಓದಲಿ" ಅಂದರೇ ಹೊರತು ಕಳ್ಳಿ ಅನ್ನಲಿಲ್ಲ ಯಾರೂ. ಇಲ್ಲಿ ಮನೆ ಕೊಳ್ಳುವಾಗ ಅಡುಗೆಮನೆ ನೋಡುವ ಮೊದಲು ಜಿಲ್ಲೋ ಎಂಬ ಮನೆ ಮಾರಾಟದ ಜಾಲತಾಣದಲ್ಲಿ ಶಾಲೆಗೆ ಹತ್ತಕ್ಕೆ ಎಷ್ಟು ಅಂತ ನೋಡಿದವಳು ನಾನು. ಒಂಬತ್ತು ಇತ್ತು. ಸಾಲ ಮಾಡಿ ಕೊಂಡೆವು. ನಿಜ ಹೇಳಬೇಕೆಂದರೆ ನಾವು ಮನೆ ಕೊಳ್ಳಲಿಲ್ಲ, ಶಾಲೆ ಕೊಂಡೆವು.

ಹಾಗಾದರೆ ಕಪ್ಪು ಜನರೂ ಕೊಳ್ಳಬಹುದಿತ್ತಲ್ಲ? ಕೊಳ್ಳಲು ಬಿಟ್ಟಿದ್ದರೆ ತಾನೇ. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳೇ ಕಪ್ಪು ಜನರ ಬಡಾವಣೆಗಳಿಗೆ ಸಾಲ ಕೊಡುವುದು ಅಪಾಯ ಅಂತ ಕೆಂಪು ಬಳಿದವು, ಅಂಥ ಕಡೆ ಸಾಲ ಸಿಗೋದೇ ಕಷ್ಟವಾಯಿತು. ಎಷ್ಟೋ ಉಪನಗರಗಳ ಕ್ರಯಪತ್ರದಲ್ಲೇ ಬಿಳಿಯರಿಗಲ್ಲದೆ ಮಾರಬಾರದು ಅಂತ ಬರೆದಿರುತ್ತಿತ್ತು. 1948ರವರೆಗೆ ಕೋರ್ಟುಗಳೂ ಅದನ್ನು ಎತ್ತಿಹಿಡಿಯುತ್ತಿದ್ದವು. ಆಮೇಲೆ 1974ರಲ್ಲಿ ಡೆಟ್ರಾಯ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ, ನಗರದ ಶಾಲೆಗಳಲ್ಲಿ ಕಪ್ಪು-ಬಿಳಿ ಮಕ್ಕಳ ಬೇರ್ಪಾಟು ಸರಿಪಡಿಸಲು ಸುತ್ತಲಿನ ಉಪನಗರಗಳನ್ನು ಎಳೆಯುವ ಹಾಗಿಲ್ಲ ಅಂದಿತು. ಬೇಲಿ ಗಟ್ಟಿಯಾಯಿತು. ಬೇಲಿಯೊಳಗಿನ ಶಾಲೆಗೆ ದುಡ್ಡು ಬೇಲಿಯೊಳಗಿನ ಮನೆಗಳ ತೆರಿಗೆಯಿಂದ. ಆಸ್ತಿ ತೆರಿಗೆಯನ್ನೇ ಇಷ್ಟು ನೆಚ್ಚಿಕೊಳ್ಳುವುದು ಸಂವಿಧಾನಕ್ಕೆ ಹೊಂದದು ಅಂತ ಒಹಾಯೋದ ಸರ್ವೋಚ್ಚ ನ್ಯಾಯಾಲಯವೇ 1997ರಲ್ಲಿ ಹೇಳಿತ್ತು. ನನ್ನ ಮನೆ ತೆರಿಗೆ ಬಿಲ್ಲಿನಲ್ಲಿ ಇವತ್ತಿಗೂ ದೊಡ್ಡ ಪಾಲು ಶಾಲೆಯದ್ದೇ.

ಚಿಂತೆಯೇ ಇಲ್ಲ ಅನ್ನುವವರು ಷಿಕಾಗೋದ ಡಯೆಟ್ ಹೈಸ್ಕೂಲಿನ ಕಥೆ ಕೇಳಬೇಕು. ಷಿಕಾಗೋ 2013ರಲ್ಲಿ ಒಂದೇ ಏಟಿಗೆ ಐವತ್ತರಷ್ಟು ಶಾಲೆ ಮುಚ್ಚಿದ ಊರು, ಬಹುಪಾಲು ಕಪ್ಪು ಮಕ್ಕಳ ಬಡಾವಣೆಗಳಲ್ಲಿ. ಡಯೆಟ್‌ಗೂ ಬೀಗ ಬೀಳುತ್ತೆ ಅಂದಾಗ ಊರವರು ಬರೀ ಅರ್ಜಿ ಹಿಡಿದು ಓಡಾಡಲಿಲ್ಲ, ಶಾಲೆ ಹೇಗಿರಬೇಕು ಅನ್ನುವ ಯೋಜನೆಯನ್ನೇ ಬರೆದು ಕೊಟ್ಟರು. ಕಿವಿಗೆ ಹಾಕಿಕೊಳ್ಳದಿದ್ದಾಗ 2015ರ ಆಗಸ್ಟ್‌ನಲ್ಲಿ 12 ಜನ ಉಪವಾಸ ಕೂತರು. ಕಲೆ ಕಲಿಸುವ ಶಾಲೆಯಾಗಿ ತೆರೀತೀವಿ ಅಂತ ನಡುವೆ ಅಧಿಕಾರಿಗಳು ಹೇಳಿದರೂ ಏಳಲಿಲ್ಲ, ತಾವು ಕೇಳಿದ್ದು ಅದಲ್ಲ ಅಂತ. 34 ದಿನ. 2016ರಲ್ಲಿ ಶಾಲೆ ತೆರೆಯಿತು, ಕಲಾಶಾಲೆಯಾಗಿಯೇ. ಪೂರ್ತಿ ಗೆಲುವಲ್ಲ. ಆದರೆ ಮಕ್ಕಳ ಶಾಲೆಗಾಗಿ ತಿಂಗಳು ದಾಟಿ ಊಟ ಬಿಟ್ಟವರನ್ನು ನಮ್ಮ ಕನ್ನಡ ಸಂಘದಲ್ಲಿ ನಾನಂತೂ ಕಂಡಿಲ್ಲ.

ಉಪನಗರಕ್ಕೆ ಬಂದುಬಿಟ್ಟರೆ ಮುಗಿಯಿತೇ ಅಂದರೆ ಅದೂ ಇಲ್ಲ. ಕ್ಲೀವ್‌ಲ್ಯಾಂಡ್ ಪಕ್ಕದ ಶೇಕರ್ ಹೈಟ್ಸ್‌ನಲ್ಲಿ ಬಿಳಿಯರೂ ಕಪ್ಪು ಜನರೂ ಕೂಡಿ ಬಾಳಲೆಂದು 1950ರ ದಶಕದಿಂದಲೇ ಶ್ರಮಪಟ್ಟಿದ್ದಾರೆ. ಆದರೂ ಶಾಲೆಯೊಳಗೆ ಮಕ್ಕಳನ್ನು ಮಟ್ಟದ ಪ್ರಕಾರ ವಿಂಗಡಿಸಿದ್ದಾಗ, ಮೇಲ್ಮಟ್ಟದ ಕ್ಲಾಸಿನಲ್ಲಿ ಬಹುಪಾಲು ಬಿಳಿ ಮಕ್ಕಳು, ಕೆಳಗಿನದರಲ್ಲಿ ಕಪ್ಪು ಮಕ್ಕಳು ಇರುತ್ತಿದ್ದರು. ಯಾಕೆ ಹೀಗೆ ಅಂತ ತಿಳಿಯಲು 1990ರ ದಶಕದಲ್ಲಿ ಮಾನವಶಾಸ್ತ್ರಜ್ಞ ಜಾನ್ ಓಗ್ಬು ಅವರನ್ನು ಕರೆಸಿದವರು ಕಪ್ಪು ಪಾಲಕರೇ. ಓಗ್ಬು ಮನೆಯವರತ್ತಲೂ ಬೆರಳು ತೋರಿಸಿದರು, ದೊಡ್ಡ ಜಗಳವೇ ಆಯಿತು. ನನಗೆ ಓಗ್ಬು ಅವರ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಳ್ಳಲು ಕರೆಸುವ ಗುಂಡಿಗೆ ಎಷ್ಟು ಜನಕ್ಕಿದೆ? 2020ರಲ್ಲಿ ಆ ಊರು ಹಲವು ತರಗತಿಗಳಲ್ಲಿ ಈ ವಿಂಗಡಣೆಯನ್ನೇ ತೆಗೆದುಹಾಕಿತು.

ನಿನ್ನೆ ಮಗಳ ದಾಖಲಾತಿಯ ಫೈಲು ಹುಡುಕಿ ತೆಗೆದೆ. ಗ್ಯಾಸ್ ಬಿಲ್ಲು, ಮನೆ ಕಾಗದ, ಜನನ ಪ್ರಮಾಣಪತ್ರ. ಆವತ್ತು ಕೌಂಟರಿನಾಕೆ ವಿಳಾಸದ ಮೇಲೆ ಪೆನ್ನು ಆಡಿಸಿ, ನಕ್ಕು, ಮುದ್ರೆ ಒತ್ತಿದ್ದಳು. ಫಾರಂನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ವಿಳಾಸ ಸುಳ್ಳಾದರೆ ಮೊಕದ್ದಮೆ ಹೂಡಬಹುದು ಅಂತಿದೆ. ಅದರ ಕೆಳಗೆ ನನ್ನ ಸಹಿ. ಓದಿದ ನೆನಪೇ ಇಲ್ಲ.