ಕಾಲು ಹಾಕಿಸಲೇಬೇಕಾ?

ಕಾಲು ಕಳೆದುಕೊಂಡವರ ಮನೆಗೆ ಬರುವವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ. ‘ಯೋಚನೆ ಮಾಡ್ಬೇಡಿ ಅಣ್ಣಾ, ಜೈಪುರ ಕಾಲು ಹಾಕಿಸ್ಕೊಂಡ್ರೆ ಮೊದಲಿನ ಹಾಗೇ ಓಡಾಡಬಹುದು.’ ಹಿಂದೆಯೇ ಸುಧಾ ಚಂದ್ರನ್ ಹೆಸರು ಬರುತ್ತದೆ. 1981ರಲ್ಲಿ ಅಪಘಾತವಾಗಿ ಕಾಲು ಹೋದರೂ, 1984ರಲ್ಲಿ ಜೈಪುರ ಕಾಲು ಅನ್ನುವ ಕೃತಕ ಕಾಲಿನಲ್ಲೇ ಮತ್ತೆ ಭರತನಾಟ್ಯ ಮಾಡಿದರು. ದೊಡ್ಡ ವಿಷಯವೇ, ಇಲ್ಲ ಅನ್ನಲ್ಲ. ಆದರೆ ಅವರು ಕುಣಿಯಬೇಕಿತ್ತು. ನಾನು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವವನು. ನನ್ನ ಲೆಕ್ಕ ಬೇರೆ ಅಲ್ವಾ?

ಕೃತಕ ಕಾಲು ಬೇಕಾ ಬೇಡವಾ ಅನ್ನೋದನ್ನು ಬೆಳಗಿನಿಂದ ರಾತ್ರಿವರೆಗೆ ನೀವು ಮಾಡುವ ಕೆಲಸ ನೋಡಿ ತೀರ್ಮಾನ ಮಾಡಬೇಕು. ಮದುವೆ ಮನೆಯಲ್ಲಿ ಖಾಲಿ ಪ್ಯಾಂಟು ನೋಡಿ ಗುಸುಗುಸು ಮಾತಾಡುವ ನೆಂಟರಿಗಾಗಿ ಅಲ್ಲ.

ನನಗೆ ಹೋಗಿರುವುದು ಎಡಗಾಲು, ಮೊಣಕಾಲಿನ ಕೆಳಗೆ. ಮೊಣಕಾಲು ಉಳಿದಿದೆಯಾ ಅನ್ನೋದೇ ಅರ್ಧ ಉತ್ತರ. ಮೊಣಕಾಲಿನ ಕೆಳಗೆ ಕಾಲು ಹೋದವರಿಗೆ ಕೃತಕ ಕಾಲಲ್ಲಿ ಅದೇ ದೂರ ನಡೆಯಲು ಎರಡೂ ಕಾಲಿರುವವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚು ಶಕ್ತಿ ಬೇಕು. ಮೊಣಕಾಲಿನ ಮೇಲೆ ಕಾಲು ಹೋದವರಿಗೆ ಅದು ಶೇ. 60 ದಾಟಬಹುದು. ಹೃದಯ ಗಟ್ಟಿ ಇರಬೇಕು, ಇನ್ನೊಂದು ಕಾಲು ಚೆನ್ನಾಗಿರಬೇಕು.

ನಾನು ಹಾಕಿಸಿದ್ದಕ್ಕೆ ಕಾರಣ ಸೊಪ್ಪು. ಊರುಗೋಲು ಹಿಡಿದರೆ ಎರಡೂ ಕೈ ಅದಕ್ಕೇ ಆಯಿತು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರೋದು ಯಾರು? ನೀರು ಹಾಯಿಸಿದ ತೋಟದಲ್ಲಿ ಊರುಗೋಲು ಹೂತುಕೊಂಡು ಬಿಡುತ್ತದೆ. ಇನ್ನು ಹುಳು ಮನೆಗೆ ಹೊರಗಿನ ಚಪ್ಪಲಿಯಲ್ಲಿ ಹೋಗುವಂತಿಲ್ಲ, ರೋಗ ಬರುತ್ತದೆ. ಬೂಟು ಹಾಕಿದರೆ ಮಾತ್ರ ಸರಿಯಾಗಿ ನಿಲ್ಲುವ ಪಾದ ನನಗೇಕೆ? 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ. ಕೆ. ಸೇಥಿ ಜೈಪುರ ಪಾದ ಮಾಡಿದ್ದೇ ಬರಿಗಾಲಲ್ಲಿ ನಡೆಯುವ, ಕುಕ್ಕರುಗಾಲಲ್ಲಿ ಕೂರುವ ನಮ್ಮಂಥವರಿಗೆ. ಹೊರಗೆ ರಬ್ಬರು, ಒಳಗೆ ಸ್ವಲ್ಪ ಮರ. ನೀರಲ್ಲಿ ನಿಂತರೂ ತೊಂದರೆ ಇಲ್ಲ.

ಹಾಗಂತ ಇಡೀ ದಿನ ಹಾಕಿಕೊಂಡಿರುತ್ತೇನೆ ಅಂದುಕೊಳ್ಳಬೇಡಿ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಹಾಗನ್ನುತ್ತೇವೆ) ಎದ್ದ ಮೇಲೆ ಹುಳು ತಿನ್ನುವುದನ್ನು ನೋಡಿದವರಿಗೆ ಗೊತ್ತು, ಕೂರೋಕೆ ಬಿಡುವಿರಲ್ಲ. ಬೇಸಿಗೆಯಲ್ಲಿ ಸಾಕೆಟ್, ಅಂದರೆ ಮೊಂಡುಗಾಲು ಕೂರುವ ಗೂಡಿನ ಒಳಗೆ ಬೆವರು, ಉಜ್ಜಿ ಚರ್ಮ ಕೆಂಪಾಗುತ್ತದೆ. ಆಗ ಬಿಚ್ಚಿ ಇಡಬೇಕು, ಹಟ ಮಾಡಿದರೆ ಗಾಯವೇ. ರಾತ್ರಿ ಸೊಪ್ಪು ಹಾಕೋಕೆ ಏಳುವಾಗ ಊರುಗೋಲೇ ಗತಿ. ನಿದ್ದೆಗಣ್ಣಲ್ಲಿ ಕಾಲು ಇದೆ ಅಂತಲೇ ಅನಿಸುತ್ತದೆ, ಇಲ್ಲದ ಕಾಲನ್ನು ಊರಿ ಬೀಳುವುದೂ ಉಂಟು. ಅದಕ್ಕೇ ಊರುಗೋಲು ಮಂಚದ ಪಕ್ಕದಲ್ಲೇ ಇರುತ್ತದೆ. ನನ್ನಾಕೆ ಹೇಳುತ್ತಾಳೆ, ‘ಹೊತ್ತಿಗೆ ಸರಿಯಾಗಿ ಸೊಪ್ಪು ಬಿದ್ರೆ ಸಾಕು, ನೀವು ಯಾವ ಕಾಲಲ್ಲಿ ಬಂದ್ರೆ ಹುಳಕ್ಕೇನು?’

ನಮ್ಮ ದೊಡ್ಡಪ್ಪನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಸಕ್ಕರೆ ಕಾಯಿಲೆಯಿಂದ ತೊಡೆಯಲ್ಲೇ ಕಾಲು ತೆಗೆದರು. ಎದೆಯೂ ಅಷ್ಟಕ್ಕಷ್ಟೇ. ಮಕ್ಕಳು ಬಲವಂತವಾಗಿ ಒಂದು ಶಿಬಿರಕ್ಕೆ ಕರೆದುಕೊಂಡು ಹೋದರು. ಊತ ಇಳಿಯುವ ಮೊದಲೇ ಅಳತೆ ತೆಗೆದು ಕಾಲು ಕೊಟ್ಟರು, ವೇದಿಕೆ ಮೇಲೆ ಶಾಲು, ಫೋಟೊ ಎಲ್ಲ ಆಯಿತು. ಮೊದಲ ವರ್ಷ ಮೊಂಡುಗಾಲು ಸಣ್ಣಗಾಗುತ್ತಾ ಹೋಗುತ್ತದೆ. ಸಾಕೆಟ್ ಸಡಿಲವಾಯಿತು. ಸರಿ ಮಾಡಿಸೋಕೆ ಹೋದರೆ ಶಿಬಿರ ಮುಗಿದಿತ್ತು. ಈಗ ದೊಡ್ಡಪ್ಪ ವೀಲ್‌ಚೇರ್‌ನಲ್ಲಿ ಕೂತು ಚಿಲ್ಲರೆ ಅಂಗಡಿ ನೋಡಿಕೊಳ್ಳುತ್ತಾರೆ, ಸಾಲ ಉಳಿಸಿಕೊಂಡವರನ್ನು ಹೆಸರು ಹಿಡಿದು ಕೂಗುತ್ತಾರೆ. ಅವರನ್ನು ‘ಸೋತು ಕೂತುಬಿಟ್ಟರು’ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುಂಟುತ್ತಾ ಬಿದ್ದು ಇನ್ನೊಂದು ಕಾಲನ್ನೂ ಕಳೆದುಕೊಂಡಿದ್ದರೆ ಗೆದ್ದ ಹಾಗಾ?

ಕೈ ಹೋದವರ ವಿಷಯ ಇನ್ನೂ ಬೇರೆ. ಕೃತಕ ಕೈಗೆ ಸ್ಪರ್ಶ ತಿಳಿಯಲ್ಲ, ಭಾರ ಬೇರೆ. ಒಂದೇ ಕೈಯಲ್ಲಿ ಕೆಲಸ ರೂಢಿ ಮಾಡಿಕೊಂಡು ಅದನ್ನು ಬೀರುವಿನಲ್ಲಿ ಇಟ್ಟವರು ಬೇಕಾದಷ್ಟು ಜನ.

ದುಡ್ಡಿನ ಹೆದರಿಕೆ ಮಾತ್ರ ಜಾಸ್ತಿ ಬೇಡ. ಜೈಪುರದ ಭಗವಾನ್ ಮಹಾವೀರ ಸಂಸ್ಥೆ 1975ರಿಂದ ಉಚಿತವಾಗಿ ಕಾಲು ಕೊಡುತ್ತಿದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯೂ ಇದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮೊದಲೇ ಮಾಡಿಸಿಟ್ಟುಕೊಳ್ಳಿ. ಉಚಿತ ಅಂತ ಸುಮ್ನೆ ಕೈ ಚಾಚಬೇಡಿ. ಸಡಿಲವಾದರೆ ಎಲ್ಲಿಗೆ ಬರಬೇಕು, ಸಾಕೆಟ್ ಬದಲಿಸಿ ಕೊಡುತ್ತೀರಾ, ನಡೆಯೋದು ಕಲಿಸುವವರು ಯಾರು ಅಂತ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ನೋವೇ ತಿಳಿಯದಿರಬಹುದು, ದಿನಾ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಲು ಆಗುತ್ತದಾ ಅಂತ ನಿಮ್ಮನ್ನು ನೀವೂ ಕೇಳಿಕೊಳ್ಳಿ.

ನನ್ನ ಸಾಕೆಟ್ ಈಗ ಸಡಿಲವಾಗಿದೆ, ಕಾಲುಚೀಲ ಒಂದರ ಮೇಲೊಂದು ಹಾಕಿ ತಳ್ಳುತ್ತಿದ್ದೇನೆ. ಮುಂದಿನ ಬೆಳೆಗೆ ಚಾಕಿ (ಮರಿ ಹುಳು) ತರುವ ಮೊದಲು ಅಳತೆ ಕೊಡೋಕೆ ಬೆಂಗಳೂರಿಗೆ ಹೋಗಬೇಕು. ಹಾಕಿಸಬೇಕು ಅಂತಿರುವವರು ಶಿಡ್ಲಘಟ್ಟ, ಚಿಂತಾಮಣಿ ಕಡೆ ಇದ್ದರೆ ಹೇಳಿ, ಜೊತೆಗೆ ಹೋಗೋಣ. ನೋಡಿ, ಬೇಡ ಅನಿಸಿದರೆ ವಾಪಸ್ ಬನ್ನಿ.