ಖಾಲಿ ಕೋಣೆಗಳ ಅಧ್ಯಯನ ಪ್ರವಾಸ

‘ವೈವಿಧ್ಯಮಯ ಕಲಿಕಾ ಪರಿಸರಗಳ ಅನ್ವೇಷಣೆಯ ಮೂಲಕ ಬೋಧಕರ ಸಾಮರ್ಥ್ಯ ಸಂವರ್ಧನೆ.’ ಇಷ್ಟುದ್ದದ ಸುತ್ತೋಲೆ ಉಡುಪಿ ಕಡೆಯ ಒಂದು ಕಾಲೇಜಿನ ಸೂಚನಾ ಫಲಕಕ್ಕೆ ಬಂದಾಗ ಅದರ ತಾತ್ಪರ್ಯ ಮೊದಲು ಹೊಳೆದದ್ದು ಅಲ್ಲಿನ ಅಟೆಂಡರಿಗೆ. “ಟೂರ್ ಉಂಟು” ಎಂದು ಅವರು ಸ್ಟಾಫ್ ರೂಮಿಗೆ ಬಂದು ಹೇಳಿದರು.

ಸುತ್ತೋಲೆಯ ಸಾರವೆಲ್ಲ ಕೊನೆಯ ಸಾಲಿನಲ್ಲಿತ್ತು: ‘ತರಗತಿಗಳಿಗೆ ಅಡಚಣೆಯಾಗದಂತೆ ಭೇಟಿಗಳನ್ನು ರಜಾದಿನಗಳಲ್ಲಿ ಏರ್ಪಡಿಸತಕ್ಕದ್ದು.’ ಅಂದರೆ ಬೇರೆ ಕ್ಯಾಂಪಸ್ಸಿನಲ್ಲಿ ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ನೋಡಲು ಮಕ್ಕಳಿಲ್ಲದ ದಿನವೇ ಹೋಗಬೇಕು. ನೇತ್ರಾವತಿಯಲ್ಲಿ ನೆರೆ ಹೇಗೆ ಬರುತ್ತದೆಂದು ನೋಡಲು ಏಪ್ರಿಲ್‌ನಲ್ಲಿ ಹೊರಟ ಹಾಗೆ. ಈ ಅಸಂಬದ್ಧದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಎತ್ತಿದ್ದರೆ ಓಒಡಿ (ಅನ್ಯ ಕರ್ತವ್ಯದ ಹಾಜರಿ) ತಪ್ಪುತ್ತಿತ್ತು.

ಬೋಧಕರಿಗೆ ಕಲಿಸುವ ಉದ್ಯಮವೇನೂ ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೇಶದ ಉದ್ದಗಲಕ್ಕೂ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ ಬಂದು ಮತ್ತೆ ಹೆಸರು ಬದಲಾಯಿತು. ಈ ಅವಧಿಯಲ್ಲಿ ನಿರಂತರವಾಗಿ ಸಾಮರ್ಥ್ಯ ಸಂವರ್ಧನೆಯಾದದ್ದು ಬೋರ್ಡು ಬರೆಯುವವರದು. ಉಳಿದವರಿಗೆ ಪ್ರಮಾಣಪತ್ರ ಸಿಕ್ಕಿತು. ಓರಿಯಂಟೇಶನ್ನಿಗೆ ಒಂದು, ರಿಫ್ರೆಶರಿಗೆ ಒಂದು. ಅವನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಸೇರಿಸಿಟ್ಟವರಿಗೆ ಪದೋನ್ನತಿ.

ಆದ್ದರಿಂದ ಬಸ್ಸಿನಲ್ಲಿ ಕುಳಿತವರೆಲ್ಲ ಪದೋನ್ನತಿಯ ಹೊಸ್ತಿಲಲ್ಲಿದ್ದ ಕಾಯಂ ಅಧ್ಯಾಪಕರು. ಆ ಕಾಲೇಜಿನಲ್ಲಿ ಪಾಠದ ದೊಡ್ಡ ಪಾಲನ್ನು ಹೊರುವ ಅತಿಥಿ ಉಪನ್ಯಾಸಕರಿಗೆ ಸೀಟು ಇರಲಿಲ್ಲ. ಪದೋನ್ನತಿಯೇ ಇಲ್ಲದವರಿಗೆ ಪ್ರಮಾಣಪತ್ರ ಯಾಕೆ? ಅತಿಥಿಗಳೆಂದ ಮೇಲೆ ಅವರನ್ನು ಇನ್ನೊಬ್ಬರ ಮನೆಗೆ ಕರೆದೊಯ್ಯುವುದೂ ಸರಿಯಲ್ಲ.

ಬಸ್ಸು ಕಟಪಾಡಿ ದಾಟುವಷ್ಟರಲ್ಲಿ ಬನ್ಸ್ ಮುಗಿದಿತ್ತು, ಪಡುಬಿದ್ರಿಯಲ್ಲಿ ಚಹಾ. ಮೊದಲ ನಿಲುಗಡೆ ಸುರತ್ಕಲ್. 1960ರಲ್ಲಿ ಕೆಆರ್‌ಇಸಿ ಎಂಬ ಎಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿದ ಇಂದಿನ ಎನ್‌ಐಟಿಕೆಗೆ ಕಡಲಿದೆ, ಹತ್ತಿರದಲ್ಲೇ ದೀಪಸ್ತಂಭವಿದೆ. ಪ್ರಯೋಗಾಲಯಗಳೂ ಇವೆ. ಆದರೆ ರಜೆಯಲ್ಲಿ ಬೀಗವಿಲ್ಲದ ಕಲಿಕಾ ಪರಿಸರ ಕಡಲೊಂದೇ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಈಗ ಬರಿಯ ಫೋಟೋ ಸಾಲದು, ಅಕ್ಷಾಂಶ ರೇಖಾಂಶ ಮುದ್ರಿತವಾದ ಜಿಯೋಟ್ಯಾಗ್ ಫೋಟೋ ಬೇಕು. ಸಂಯೋಜಕರು ಬ್ಯಾನರ್ ಹಿಡಿಸಿ, ಎಲ್ಲರನ್ನೂ ನೀರಿನಂಚಿಗೆ ನಿಲ್ಲಿಸಿ ಕ್ಲಿಕ್ಕಿಸಿದರು. ನೋಡಿದರೆ ಫೋಟೋದ ಕೆಳಗೆ ‘ಅರಬ್ಬೀ ಸಮುದ್ರ’ ಎಂದಿದೆ! ಇಡೀ ವಾಣಿಜ್ಯ ವಿಭಾಗ ಸಾಮರ್ಥ್ಯ ಸಂವರ್ಧನೆಗೆ ಕಡಲಿಗಿಳಿದಿದೆ ಎಂದು ಪರಿಶೀಲನಾ ತಂಡ ಭಾವಿಸಿದರೆ? ಎಲ್ಲರೂ ಹಿಂದೆ ಸರಿದರು. ಹೆದ್ದಾರಿಯ ಹತ್ತಿರ ಬರುವವರೆಗೂ ಸರಿಯುತ್ತಲೇ ಇದ್ದರು.

ಮುಂದೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. 1880ರಲ್ಲಿ ಆರಂಭವಾದ ಕಾಲೇಜು ಅದು. ಚಾಪೆಲ್‌ನ ಗೋಡೆ, ಮಾಡುಗಳನ್ನೆಲ್ಲ ಇಟಲಿಯ ಅಂತೋನಿಯೊ ಮೊಸ್ಕೆನಿ ಹತ್ತೊಂಬತ್ತನೆಯ ಶತಮಾನ ಕಳೆಯುವ ಹೊತ್ತಿಗೆ ಚಿತ್ರಗಳಿಂದ ತುಂಬಿದರು. ಅಧ್ಯಾಪಕರು ಕತ್ತೆತ್ತಿ ಬಹಳ ಹೊತ್ತು ನೋಡಿದರು. ನಿಜವಾಗಿ ಬೆರಗಾದರು ಕೂಡ, ಸುಳ್ಳು ಹೇಳಬಾರದು. ಕೆಲವೇ ವರ್ಷಗಳಲ್ಲಿ ಒಬ್ಬನೇ ಮನುಷ್ಯ ಇಷ್ಟೆಲ್ಲ ಬರೆದನೇ ಎಂದು ಕೇಳಿದವರು ಕಟ್ಟಡ ಸಮಿತಿಯ ಸದಸ್ಯರು. ತಮ್ಮ ಕಾಲೇಜಿನ ಒಂದನೆಯ ಮಹಡಿಗೆ ಸುಣ್ಣ ಬಳಿಸುವ ಟೆಂಡರು ಮೂರನೆಯ ಸಲ ಕರೆಯುವ ಹಂತದಲ್ಲಿತ್ತು.

ಇನ್ನೊಂದು ಕ್ಯಾಂಪಸ್ಸಿನಲ್ಲಿ, ಹೆಸರು ಬೇಡ, ‘ಭವಿಷ್ಯದ ತರಗತಿ’ಯನ್ನು ತೆರೆದು ತೋರಿಸಿದರು. ಚಕ್ರದ ಕುರ್ಚಿಗಳು. ಪ್ರತಿಯೊಂದಕ್ಕೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು. ಅರ್ಥಶಾಸ್ತ್ರದವರು ಕುಳಿತದ್ದೇ ತಡ, ಹೊದಿಕೆ ಪರಪರ ಸದ್ದು ಮಾಡಿತು, ಕುರ್ಚಿ ಇಳಿಜಾರಿನ ನೆಲದಲ್ಲಿ ತಾನೇ ಹೊರಟು ಗೋಡೆಗೆ ತಾಗಿ ನಿಂತಿತು. “ಇದು ಚಲನಶೀಲ ಕಲಿಕೆ” ಎಂದು ಆತಿಥೇಯರು ವಿವರಿಸಿದರು. ಸ್ಮಾರ್ಟ್ ಬೋರ್ಡ್ ಹಚ್ಚಿ ತೋರಿಸಿ ಎಂದಾಗ ಸಣ್ಣ ತೊಡಕು ಎದುರಾಯಿತು. ರಿಮೋಟು ಕಪಾಟಿನಲ್ಲಿ, ಕಪಾಟಿನ ಕೀ ಗುಮಾಸ್ತರಲ್ಲಿ, ಗುಮಾಸ್ತರು ಕುಟುಂಬದ ದೈವದ ನೇಮಕ್ಕೆ ಊರಿನಲ್ಲಿ. ಅತಿಥಿಗಳು ಕಪ್ಪು ಪರದೆಯ ಮುಂದೆಯೇ ಫೋಟೋ ತೆಗೆಸಿಕೊಂಡರು. ಅಕ್ಷಾಂಶ ಈ ಬಾರಿ ಸರಿಯಾಗಿ ಬಂತು.

ಮರಳುವಾಗ ಕನ್ನಡ ವಿಭಾಗದವರೊಬ್ಬರು ಮೆಲ್ಲನೆ ಕೇಳಿದರು: “ಇಂದ್ರಾಳಿಯ ಯಕ್ಷಗಾನ ಕೇಂದ್ರಕ್ಕೊಮ್ಮೆ ಹೋಗಬಹುದಲ್ಲ ಸರ್?” 1971ರಲ್ಲಿ ಶುರುವಾದ ಕೇಂದ್ರ. ಅಲ್ಲಿ ಗುರುಗಳು ತಾಳ ಹಾಕಿ ಹೆಜ್ಜೆ ಹೇಳಿಕೊಡುತ್ತಾರೆ. ಹುಡುಗನಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ಅವನ ಕಾಲಲ್ಲೇ ಕಾಣುತ್ತದೆ, ಸೆಮಿಸ್ಟರ್ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸಂಯೋಜಕರು ನಮೂನೆ ತಿರುವಿ ನೋಡಿದರು. “ಐಸಿಟಿ ಸೌಲಭ್ಯ, ಅಂದರೆ ಕಂಪ್ಯೂಟರು ಇತ್ಯಾದಿ, ಎಂಬ ಕಾಲಂ ಉಂಟು ಮಾರಾಯರೇ. ಅಲ್ಲಿ ಚಂಡೆ ಎಂದು ಬರೆಯಲಿಕ್ಕಾಗುತ್ತದಾ?”

ಪ್ರವಾಸದ ಫಲ ಮುಂದಿನ ಸೋಮವಾರವೇ ಕಂಡಿತು. ಪ್ರಾಂಶುಪಾಲರು ವೃತ್ತಾಕಾರದ ಆಸನ ವ್ಯವಸ್ಥೆಗೆ ಆದೇಶಿಸಿದರು. ನೆಲಕ್ಕೆ ಬೋಲ್ಟ್ ಹಾಕಿದ ಉದ್ದದ ಬೆಂಚುಗಳನ್ನು ಕಿತ್ತು ದುಂಡಗೆ ಜೋಡಿಸಿದ್ದಾಯಿತು. ಅರ್ಧ ಮಕ್ಕಳ ಬೆನ್ನು ಬೋರ್ಡಿನ ಕಡೆಗೆ ತಿರುಗಿತು. ಅವರಿಗಾಗಿ ಎದುರಿನ ಗೋಡೆಗೊಂದು ಬೋರ್ಡು ಎಂದು ಹೊಸ ಪ್ರಸ್ತಾವನೆ ಹೊರಟಿತು. ಆದರೆ ವೃತ್ತ ಆ ಕೋಣೆಗೆ ಹೊಸತೇನಲ್ಲ. ಹಳೆಯ ಹೆಂಚಿನ ಮಾಡು, ನಡುವೆಯೇ ಸೋರುತ್ತದೆ. ಜೂನ್ ಬಂತೆಂದರೆ ಮಕ್ಕಳು ಬಕೆಟ್ಟಿನ ಸುತ್ತ ಯಾವ ಆದೇಶವೂ ಇಲ್ಲದೆ ಹಾಗೆಯೇ ಕೂರುತ್ತಾರೆ.

ವರದಿ ಮಂಡನೆಯ ಸಭೆಯಲ್ಲಿ ಗಣಿತದ ಮೇಡಂ ಒಂದು ಮಾತು ಹೇಳಿದರು. ಅವರ ತರಗತಿಗೂ ಇತಿಹಾಸದ ಅತಿಥಿ ಉಪನ್ಯಾಸಕರ ತರಗತಿಗೂ ನಡುವೆ ಇರುವುದು ಒಂದು ಹಲಗೆಯ ಅಡ್ಡಗೋಡೆ. ಅತ್ತ ಮಕ್ಕಳು ನಗುತ್ತಾರೆ, ಪ್ರಶ್ನೆ ಕೇಳುತ್ತಾರೆ, ಗಂಟೆ ಹೊಡೆದ ಮೇಲೂ ಏಳುವುದಿಲ್ಲ. “ಇಷ್ಟು ವರ್ಷ ಕೇಳಿಸಿಕೊಂಡದ್ದಷ್ಟೇ. ಒಂದು ದಿನ ಅವರ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಅವರು ನನ್ನ ತರಗತಿಗೆ ಬರಲಿ. ಎಲ್ಲರೂ ಹೀಗೆಯೇ ಮಾಡಬಹುದಲ್ಲ?”

ಸಭೆ ಸ್ವಲ್ಪ ಗಲಿಬಿಲಿಗೊಂಡಿತು. ಹಿರಿಯರೊಬ್ಬರು ಇದನ್ನು ತಪಾಸಣೆ ಎಂದರು, ಇನ್ನೊಬ್ಬರು ಅವಮಾನ ಎಂದರು. ಕೊನೆಗೆ ಲೆಕ್ಕಪತ್ರದವರು ಎದ್ದು ನಿಜವಾದ ಸಮಸ್ಯೆಯನ್ನು ಮುಂದಿಟ್ಟರು: “ಪಕ್ಕದ ಕೋಣೆಗೆ ಹೋದರೆ ಟಿಎ ಇಲ್ಲ, ಡಿಎ ಇಲ್ಲ, ಊಟದ ಬಿಲ್ಲೂ ಇಲ್ಲ ಮೇಡಂ. ಪೈಸೆ ಖರ್ಚಾಗದ ಕಾರ್ಯಕ್ರಮಕ್ಕೆ ನಾನು ಹಣ ಬಳಕೆ ಪ್ರಮಾಣಪತ್ರ ಹೇಗೆ ಕೊಡಲಿ?”

ಉಳಿದ ಅನುದಾನದಲ್ಲಿ ಮುಂದಿನ ಅನ್ವೇಷಣೆ ಊಟಿಗೆ, ಮೇ ತಿಂಗಳಲ್ಲಿ ಎಂದು ತೀರ್ಮಾನವಾಯಿತು. ಕುಟುಂಬದವರು ಸ್ವಂತ ಖರ್ಚಿನಲ್ಲಿ ಬರಬಹುದು.